ಅಂಗಿ ಎತ್ತಿ ತೋರಿಸಿದವರು

ಇಳಕಲ್ಲಿನ ಆ ಓಣಿಯಲ್ಲಿ ಶಂಕ್ರಪ್ಪನಿಗೆ ವಕೀಲ ಎಂದು ಹೆಸರು. ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಮಗ್ಗದ ಕುಣಿಗೆ ಇಳಿದವನು. ಆದರೆ ಚಹಾದಂಗಡಿಯಲ್ಲಿ ಎಲ್ಲರಿಗೂ ಪೇಪರು ಓದಿ ಹೇಳುವವನು ಅವನೇ. ವಾದಕ್ಕೆ ಬಿದ್ದರೆ ಎದುರಿನವರ ಬಾಯಿ ಮುಚ್ಚಿಸಿಯೇ ಏಳುತ್ತಿದ್ದ. ಎದುರಿನವ ಏನು ಹೇಳಿದ ಎನ್ನುವುದಕ್ಕಿಂತ ಏನು ಹೇಳದೆ ಬಿಟ್ಟ ಎನ್ನುವುದನ್ನು ಹಿಡಿಯಬೇಕು ಎಂದು ಮನೆಗೆ ಬಂದು ಹೆಂಡತಿ ಚಂದವ್ವನಿಗೆ ವಿವರಿಸುತ್ತಿದ್ದ. ಅವಳು ನೂಲಿನ ಕಂಡಿಕೆ ಸುತ್ತುತ್ತ, ನಗುತ್ತ ಕೇಳುತ್ತಿದ್ದಳು. ಮಡಿಲಲ್ಲಿ ನಾಲ್ಕು ತಿಂಗಳ ಶಾರವ್ವ.

ಎಪ್ಪತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಆ ಕೂಸಿನ ಹೊಟ್ಟೆ ಉಬ್ಬಿತು. ಮೊಲೆ ಹಿಡಿಯಲೊಲ್ಲದು. ಶಂಕ್ರಪ್ಪನ ಅಪ್ಪ ಹೊಳಬಸಪ್ಪ ಬರೆ ಹಾಕುವ ಹುಚ್ಚವ್ವನನ್ನು ಕರೆಸಿದ. ಹೊಟ್ಟೆ ಉಬ್ಬಿದರೂ ಬರೆ, ಕೆಮ್ಮಿದರೂ ಬರೆ. ಕಾಸಿದ ಕಬ್ಬಿಣವನ್ನು ಹಾಲು ಕುಡಿಯುವ ಕೂಸಿಗೆ ಒತ್ತುವುದನ್ನು ನಮ್ಮ ಜನ ಔಷಧ ಎನ್ನುತ್ತಾರೆ. ದನಕ್ಕೆ ಹಾಕುವಾಗ ಒದೆಯುತ್ತದೆಂದು ಕಾಲಾದರೂ ಕಟ್ಟುತ್ತಾರೆ. ಕೂಸಿಗೆ ಹಗ್ಗವೂ ಬೇಡ, ಹೆತ್ತವಳ ಕೈಗಳೇ ಸಾಕು.

ಹುನಗುಂದದ ದವಾಖಾನೆಗೆ ಒಯ್ಯೋಣ ಎಂದು ಶಂಕ್ರಪ್ಪ ಹಟ ಹಿಡಿದ. ಇದ್ದ ಬೇನೆಯ ಮೇಲೆ ಸುಟ್ಟಗಾಯವೊಂದು ಕೂಡುತ್ತದೆ, ಅಷ್ಟು ಸಣ್ಣ ಮೈ ತಡೆಯಲಾರದು ಎಂದ. ನೆರೆಹೊರೆಯವರು ಕಟ್ಟೆಗೆ ಬಂದು ನೆರೆದರು. ಹೊಳಬಸಪ್ಪ ವಾದಕ್ಕೇ ಇಳಿಯಲಿಲ್ಲ. ಸುಮ್ಮನೆ ಅಂಗಿ ಎತ್ತಿದ. ಹೊಕ್ಕುಳ ಬದಿಗೆ ಕರ್ರಗಿನ ಕಲೆ.

"ನೋಡಪಾ ವಕೀಲ, ನಾ ಇನ್ನೂ ಗಟ್ಟಿ ಅದೇನಿ."

ಪಕ್ಕದ ಮನೆಯ ರಾಜಮಹ್ಮದ ಬನಿಯನ್ ಎತ್ತಿದ. ಅವನ ಹಿಂದೆ ಇನ್ನಿಬ್ಬರು. ಕೊನೆಗೆ ಹೊಳಬಸಪ್ಪ ಮಗನ ಅಂಗಿಗೇ ಕೈ ಹಾಕಿದ.

"ಇದೇನಲೇ? ಇದನ್ನ ಹಾಕಿಸಿದ್ದಕ್ಕ ನೀ ಇವತ್ತ ವಾದ ಮಾಡಾಕ ಉಳದಿ."

ಕಟ್ಟೆ ತುಂಬ ನಗೆ. ಚಂದವ್ವ ಕೂಸನ್ನು ಅವಚಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಒಂದು ಮಾತು ಸಿಕ್ಕಿದ್ದರೆ ಎದ್ದು ಬಸ್‌ಸ್ಟ್ಯಾಂಡಿಗೆ ನಡೆಯುವವಳೇ. ಕಣ್ಣೆದುರು ಅಷ್ಟೊಂದು ಹೊಟ್ಟೆಗಳು, ಒಂದೂ ಸುಳ್ಳಲ್ಲ. ಶಂಕ್ರಪ್ಪ ಅಂಗಿ ಇಳಿಸಿಕೊಂಡು ನೆಲ ನೋಡಿದ. ಚಂದವ್ವನ ತೋಳು ಸಡಿಲಾಯಿತು.

ಬರೆ ಬಿದ್ದರೂ ಹೊಟ್ಟೆಯ ಬಾವು ಇಳಿಯಲಿಲ್ಲ. ಗಾಯ ಕೀವಾಗಿ ಮೈ ಕೆಂಡವಾದ ಮೇಲೆ ಹುನಗುಂದದ ಬಸ್ಸು ಹತ್ತಿದರು. ಡಾಕ್ಟರು ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಇನ್ನೂ ಆಸೆ ಇದೆ ಎಂದಾದರೂ ಅನ್ನಿಸುತ್ತಿತ್ತು. ತಿರುಗಿ ಬರುವಾಗ ಚಂದವ್ವ ಕೂಸಿನ ಮುಖಕ್ಕೆ ಸೆರಗು ಹೊದಿಸಿ ಕೂತಿದ್ದಳು. ಕಂಡಕ್ಟರನಿಗೆ, ನಿದ್ದೆ ಹತ್ತಿದೆ ಎಂದರು.

ಮಣ್ಣು ಮಾಡುವಾಗ ಹೊಳಬಸಪ್ಪ, ಅದರ ಆಯುಷ್ಯ ಅಷ್ಟೇ ಇತ್ತು ಎಂದ. ಬೇಲಿಯ ಗುಂಟ ಕೂಸುಗಳ ಸಣ್ಣ ಸಣ್ಣ ಗುಡ್ಡೆಗಳಿದ್ದವು, ಕೆಲವು ಹುಲ್ಲು ಬೆಳೆದು ನೆಲಸಮವಾಗಿದ್ದವು. ಶಂಕ್ರಪ್ಪ ಅವುಗಳನ್ನೇ ನೋಡುತ್ತ ನಿಂತ. ಅಪ್ಪ ಆವತ್ತು ಹೇಳದೆ ಬಿಟ್ಟದ್ದು ಇಲ್ಲಿ ಮಲಗಿತ್ತು.

ಮರುದಿನ ಓಣಿಯ ಕಡೆಗಿನ ತನ್ನ ಮನೆಯ ಗೋಡೆಗೆ ಸುಣ್ಣದಿಂದ ದೊಡ್ಡ ಅಕ್ಷರದಲ್ಲಿ ಬರೆದ: 'ನಮ್ಮ ಹೊಟ್ಟೆಯ ಮೇಲೂ ಬರೆ ಇದೆ. ಅಂಗಿ ಎತ್ತಿ ತೋರಿಸಲು ನಾವು ಬರಲಾರೆವು.'

ಓದು ಬಲ್ಲವರು ನಿಂತು ಓದಿದರು. ರಾಜಮಹ್ಮದ ತಲೆ ತಗ್ಗಿಸಿ ಹೋದ. ಮತ್ತೊಬ್ಬ, ಅಕ್ಷರ ಭಾಳ ದುಂಡಗೆ ಅದಾವ ಎಂದ. ಓದು ಬಾರದ ಹುಚ್ಚವ್ವ ಅದೇ ಗೋಡೆಯ ಮುಂದಿನಿಂದ ಕೆಂಡದ ಬೋಗುಣಿ ಹಿಡಿದು ಓಣಿಯ ಕೊನೆಯ ಬಾಣಂತಿ ಮನೆಗೆ ಹೋದಳು. ಶಂಕ್ರಪ್ಪ ಬೆನ್ನಟ್ಟಿ ಓಡಿ, ಬರೆದದ್ದನ್ನೇ ಆ ಮನೆಯವರಿಗೆ ಬಾಯಿ ಬಿಟ್ಟು ಹೇಳಿದ. ಕೂಸು ಕಳಕೊಂಡವನಿಗೆ ತಲೆ ಕೆಟ್ಟಿದೆ ಎಂದು ಅವರು ಬಾಗಿಲು ಹಾಕಿಕೊಂಡರು. ಒಳಗೆ ಕೂಸು ಚೀರಿತು.

ಅವನು ಮರಳಿ ಬಂದಾಗ ಚಂದವ್ವ ಗೋಡೆಯ ಮುಂದೆ ನಿಂತಿದ್ದಳು. ಅವಳಿಗೂ ಅಕ್ಷರ ಬರುತ್ತಿರಲಿಲ್ಲ.

"ಏನ ಬರದೀರಿ?"

ಅವನು ಓದಿ ಹೇಳಿದ. ಅವಳು ಸುಣ್ಣದ ಹಸಿ ಗೆರೆಗಳ ಮೇಲೆ ಒಂದೊಂದಾಗಿ ಕಣ್ಣಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು, ಆವತ್ತು ಕಟ್ಟೆಯ ಮೇಲೆ ನೋಡಿದ ಹಾಗೆಯೇ.

"ಈ ಮಾತ ಅವತ್ತ ಎಲ್ಲಿ ಹೋಗಿತ್ರಿ?"