ಎಲೆ ಮಾರ್ಕು

ಒಂದು ಸುಳ್ಳು ತನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತು ಎಂಬುದೇ ಶಶಿಪ್ರಭಾಳಿಗೆ ಅರ್ಥವಾಗುತ್ತಿರಲಿಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ ‘ನಿಲ್ಲಿಸಿ’ ಎನ್ನಲು ಧ್ವನಿ ಬಾರದೆ, ಮುಂದೆ ಯಾರಾದರೂ ಇಳಿಯುವಾಗ ಅವರ ಹಿಂದೆ ಇಳಿದು ನಡೆದು ಬರುವವಳು ಅವಳು. ಕಾಲೇಜಿನಲ್ಲಿ ಹಾಜರಿ ಕರೆದಾಗ ಅವಳ ‘ಎಸ್ ಸರ್’ ಯಾರಿಗೂ ಕೇಳಿಸದೆ ಪಕ್ಕದ ಹುಡುಗಿ ಬೆರಳು ಮಾಡಿ ತೋರಿಸಬೇಕಾಗುತ್ತಿತ್ತು. ಅಂಥವಳು ಕಳೆದ ವಾರ ಮೂಡುಬಿದಿರೆಯ ಡಾಕ್ಟರ ಕೋಣೆಯಿಂದ ಹೊರಗೆ ಬಂದು, ಬೆಂಚಿನ ಮೇಲೆ ಕೊಡೆ ಹಿಡಿದುಕೊಂಡು ಕೂತಿದ್ದ ಅಪ್ಪನ ಮುಖ ನೋಡಿ, ಒಂದಿಷ್ಟೂ ತಡವರಿಸದೆ “ಕಫವಂತೆ” ಅಂದುಬಿಟ್ಟಿದ್ದಳು. ನಿಜಕ್ಕೆ ಬಾರದ ಧ್ವನಿ ಸುಳ್ಳಿಗಾದರೆ ತಾನಾಗಿ ಬರುತ್ತದೆಯೇ? ಹಾಗಾದರೆ ತಾನು ಎಂಥವಳು?

ಪುತ್ತಿಗೆಯ ಬೀಡಿ ಬ್ರಾಂಚಿನ ಜಗಲಿಯಲ್ಲಿ ಹೆಂಗಸರ ಸಾಲಿನ ನಡುವೆ ನಿಂತು ಅವಳು ಅದನ್ನೇ ಯೋಚಿಸುತ್ತಿದ್ದಳು. ಸೊಂಟಕ್ಕೆ ಆನಿಸಿದ ತಡ್ಪೆಯಲ್ಲಿ, ಬೀಡಿ ಕಟ್ಟುವ ಮೊರದಲ್ಲಿ, ಅಮ್ಮ ವಾರವಿಡೀ ಕಟ್ಟಿದ ಬೀಡಿ, ಮೇಲೆ ಮುಚ್ಚಿದ ಹಳೆ ಬಟ್ಟೆ. ಸಾಲಿನ ತುದಿಯಲ್ಲಿ, ಕಿಟಕಿಯ ಕೆಳಗಿನ ಮೇಜಿನ ಹಿಂದೆ ಅವಳ ಅಪ್ಪ ನೋಣಯ್ಯ. ಅವನು ಈ ಬ್ರಾಂಚಿನ ಚೆಕ್ಕರ್. ಹೆಂಗಸರು ತಂದ ಬೀಡಿಯ ಕಟ್ಟನ್ನು ಅಂಗೈಯಲ್ಲಿ ಹಿಡಿದು ತುದಿ ನೋಡಿ, ಹೆಬ್ಬೆರಳಿನಿಂದ ಒತ್ತಿ, ಸಡಿಲವಾದದ್ದನ್ನು, ಕಲೆಯ ಎಲೆಯಲ್ಲಿ ಸುತ್ತಿದ್ದನ್ನು ಪಕ್ಕದ ಬುಟ್ಟಿಗೆ ಹಾಕುವುದು ಅವನ ಕೆಲಸ. ಬುಟ್ಟಿಗೆ ಬಿದ್ದದ್ದಕ್ಕೆ ಕೂಲಿ ಇಲ್ಲ.

“ಓ, ಇವತ್ತು ಡಿಗ್ರಿಯವಳು ಬಂದಿದ್ದಾಳೆ!” ಹಿಂದೆ ನಿಂತಿದ್ದ ಖದೀಜಕ್ಕ ಅವಳ ಬೆನ್ನಿಗೆ ಮೆಲ್ಲಗೆ ತಿವಿದಳು. “ಅಮ್ಮನಿಗೆ ಎಂತ ಆಯ್ತು ಮಾರಾಯ್ತಿ?”

“ಮಂಡಿನೋವು.”

“ಆಂ?”

“ಮಂಡಿ…”

“ಇವಳ ಮಾತು ಕೇಳ್ಬೇಕಾದ್ರೆ ನಮ್ಮ ಕಿವಿಯನ್ನು ಇವಳ ಬಾಯೊಳಗೆ ಇಡ್ಬೇಕು,” ಎಂದಳು ಖದೀಜಕ್ಕ. ಸಾಲು ನಕ್ಕಿತು. “ಮಂಡಿನೋವು ಅಲ್ಲ, ಗಂಡನ ಮೇಲೆ ಸಿಟ್ಟು. ಹೋದ ಶನಿವಾರ ಸ್ವಂತ ಹೆಂಡತಿಯ ಬೀಡಿಯನ್ನೇ ಮುಷ್ಟಿ ಮುಷ್ಟಿ ತೆಗೆದು ಬುಟ್ಟಿಗೆ ಹಾಕಿದ್ರಲ್ಲ, ಈ ಪುಣ್ಯಾತ್ಮ!”

ನೋಣಯ್ಯ ತಲೆ ಎತ್ತಲಿಲ್ಲ. “ಹಾಕಿದ್ದಕ್ಕೆ ನನಗೆ ಗಂಜಿಯ ಜೊತೆ ಉಪ್ಪಿನಕಾಯಿ ಕೂಡ ಸಿಗ್ಲಿಲ್ಲ ಖದೀಜಾ. ನಿನ್ನ ಬೀಡಿ ಹಾಕಿದ್ರೆ ನನಗೆ ಅಂಥ ನಷ್ಟ ಎಂತದೂ ಇಲ್ಲ. ನೋಡಿಕೊಂಡು ಮಾತಾಡು.”

ಈ ಸಲ ನಗು ಜೋರಾಗಿಯೇ ಎದ್ದಿತು. ನೋಣಯ್ಯನೂ ನಕ್ಕ, ನಗು ಅರ್ಧಕ್ಕೆ ಬರುವಷ್ಟರಲ್ಲಿ ಕೆಮ್ಮಾಯಿತು. ಕೆಮ್ಮು ಬಂದಾಗ ಅವನು ಒಂದು ಕೈಯಿಂದ ಮೇಜಿನ ಅಂಚು ಹಿಡಿದು, ಕಣ್ಣು ಕೆಳಗೆ ಹಾಕಿ, ಯಾರೋ ಹಿರಿಯರು ದಾಟಿ ಹೋಗಲು ದಾರಿ ಬಿಟ್ಟು ನಿಂತವನ ಹಾಗೆ ಸುಮ್ಮನೆ ಕಾಯುತ್ತಿದ್ದ.

“ಡಾಕ್ಟ್ರು ಎಂತ ಹೇಳಿದ್ರು ನೋಣಯ್ಯಣ್ಣ?” ಎಂದಳು ಖದೀಜಕ್ಕ.

“ಎಂತ ಇಲ್ಲ, ಕಫ. ಶಶಿ ಇದ್ದಳಲ್ಲ, ಡಾಕ್ಟ್ರ ಹತ್ರ ಇವಳೇ ಒಳಗೆ ಕೂತು ಮಾತಾಡಿ ಬಂದಿದ್ದಾಳೆ.” ಅವನ ಮಾತಿನಲ್ಲಿ ಸಣ್ಣ ಹೆಮ್ಮೆ ಇತ್ತು. “ನಮ್ಮ ಹಾಗಾ? ಓದಿದವಳು.”

ಶಶಿಪ್ರಭಾ ತಡ್ಪೆಯ ಬಟ್ಟೆಯನ್ನು ಸರಿಮಾಡುವವಳ ಹಾಗೆ ತಲೆ ಬಗ್ಗಿಸಿದಳು.

ಅವಳು ಒಳಗೆ ಮಾತನಾಡಿರಲೇ ಇಲ್ಲ. ಡಾಕ್ಟರು ಅಪ್ಪನ ಎದೆಯ ಎಕ್ಸ್‌ರೇ ಫಿಲ್ಮನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದಾಗ ಅವಳಿಗೆ ಉಸಿರು ನಿಂತ ಹಾಗಾಗಿತ್ತು. ಹೆದರಿಕೆಯಿಂದ ಅಲ್ಲ, ಹೆದರಿಕೆ ಆಮೇಲೆ ಬಂತು. ಮನುಷ್ಯನ ಒಳಗು ಅಷ್ಟು ಚೆಂದ ಇರಬಹುದೆಂದು ಅವಳು ಎಣಿಸಿಯೇ ಇರಲಿಲ್ಲ. ಪಕ್ಕೆಲುಬುಗಳು ಒಂದರ ಕೆಳಗೊಂದು ಬೆಳ್ಳಗೆ ಬಾಗಿದ್ದವು, ಯಾರೋ ಪುರುಸೊತ್ತಿನಲ್ಲಿ ಕೂತು ಅಳತೆ ನೋಡಿ ಬಾಗಿಸಿದ ಹಾಗೆ. ಅವುಗಳ ಹಿಂದೆ ನಸುಗಪ್ಪಾಗಿ ಎರಡು ದೊಡ್ಡ ಬಯಲು. ನಡುವೆ, ಒಂದು ಪಕ್ಕಕ್ಕೆ ವಾಲಿಕೊಂಡು, ಮಂಜಿನೊಳಗಿನ ದೀಪದಂತೆ ಮಬ್ಬಾಗಿ ಹೃದಯ. ದೊಡ್ಡವಳಾದ ಮೇಲೆ ಅವಳು ಅಪ್ಪನ ಕೈ ಹಿಡಿದದ್ದೂ ಇಲ್ಲ. ಅವನು ಮನೆಗೆ ಬಂದರೆ ಅವಳು ಚಾವಡಿಯಿಂದ ಒಳಕ್ಕೆ ಹೋಗುತ್ತಿದ್ದಳು. ಅವಳು ಓದುತ್ತಿದ್ದರೆ ಅವನು ಮೆಟ್ಟಿನ ಸದ್ದಾಗದ ಹಾಗೆ ಅಂಗಳ ದಾಟುತ್ತಿದ್ದ. ಅಂಥ ಅಪ್ಪನ ಹೃದಯವನ್ನು, ಅವನೇ ನೋಡದೆ ಇರುವಾಗ, ತಾನು ನೋಡುತ್ತಿದ್ದೇನೆ. ತಾನು ಹುಟ್ಟುವ ಮೊದಲಿನಿಂದಲೂ, ತಾನು ನಿದ್ದೆ ಮಾಡಿದ ಎಲ್ಲ ರಾತ್ರಿಯೂ ಇದು ಅಲ್ಲಿ ಇತ್ತು. ಚಪ್ಪಲಿ ಬಿಟ್ಟು ಬರಬೇಕಿತ್ತು ಎಂದು ಅವಳಿಗೆ ಅನಿಸಿತ್ತು.

“ಇಲ್ಲಿ ನೋಡಮ್ಮ,” ಎಂದು ಡಾಕ್ಟರು ಪೆನ್ನಿನ ತುದಿಯನ್ನು ಮೇಲ್ಗಡೆ, ಹೆಗಲಿನ ಮೂಳೆಯ ಅಡಿಯಲ್ಲಿ ಇಟ್ಟಿದ್ದರು. “ಈ ಕಲೆ ನನಗೆ ಸರಿ ಕಾಣುವುದಿಲ್ಲ. ಮಂಗಳೂರಿಗೆ ಬರೆದು ಕೊಡ್ತೇನೆ, ಈ ವಾರವೇ ಹೋಗಿ. ಹೋಗುವಾಗ ಬಂದು ಫಿಲ್ಮ್ ತಕೊಂಡು ಹೋಗಿ. ತಡ ಮಾಡಿದಷ್ಟೂ ಕಷ್ಟ. ಮತ್ತೆ ಬೀಡಿ, ಅದು ಇವತ್ತಿಗೇ ಸಾಕು. ನಾನು ಹೇಳಿದರೆ ಹೂಂ ಅಂತಾರೆ, ಹೊರಗೆ ಹೋಗಿ ಹಚ್ಚುತ್ತಾರೆ. ನೀನು ಓದಿದ ಹುಡುಗಿ, ನೀನೇ ಹೇಳು.” ಅವಳು ತಲೆಯಾಡಿಸಿದ್ದಳು.

ಹೊರಗೆ ಅಪ್ಪ ಕೇಳಿದ್ದು ಬೇರೆ. “ಪಟ ಹೇಗೆ ಬಂದಿದೆ?” ಎಂದ, ಸ್ಟುಡಿಯೋದಲ್ಲಿ ತೆಗೆಸಿದವನ ಹಾಗೆ. “ಚೆಂದ ಬಂದಿದೆ” ಎಂದಳು. ಅಲ್ಲಿಯವರೆಗೆ ನಿಜವೇ. “ಎಂತ ಅಂತೆ?” ಎಂದ ಮೇಲೆಯೇ ಆ ಸುಳ್ಳು ಬಂದದ್ದು. ಅವನ ಭುಜ ಸಡಿಲಾಯಿತು. ಹೋಟೆಲಿಗೆ ಕರೆದುಕೊಂಡು ಹೋಗಿ ಅವಳಿಗೆ ಗೋಳಿಬಜೆ ತಿನ್ನಿಸಿದ. ಹೊರಗೆ ಬಂದು, ಅವಳಿಗೆ ಹೊಗೆ ತಾಗದ ಹಾಗೆ ಆಚೆ ತಿರುಗಿ, ಬೀಡಿ ಹಚ್ಚಿದ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ವಾರ ಮುಗಿದಿತ್ತು.

ಹೊರಗೆ ಓಮ್ನಿ ನಿಂತ ಸದ್ದಾಯಿತು. ಬ್ರಾಂಚಿನ ಯಜಮಾನ ಅಬ್ದುಲ್ ಶುಕೂರ್ ಬಂಟ್ವಾಳದ ಡಿಪೋದಿಂದ ಬಂದಿದ್ದ. ಹೊಗೆಸೊಪ್ಪಿನ ಹುಡಿಯ ಹೊಸ ಚೀಲ ಇಳಿಯಿತು. ಜಗಲಿಯವರೆಲ್ಲ ಒಮ್ಮೆಲೇ ಸೀನಿದರು. ಶುಕೂರ್ ಜೇಬಿನಿಂದ ಲೇಬಲ್ ಸುತ್ತಿದ ಬೀಡಿಯ ಒಂದು ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟ.

“ನೋಡಿ, ಇನ್ನು ಮುಂದೆ ನಿಮ್ಮ ಬೀಡಿ ಹೀಗೆ ಹೋಗುವುದು. ಹೊಸ ಲೇಬಲ್.”

ಕೂಲಿ ಕೊಟ್ಟು ಕಟ್ಟಿಸಿದ ಬೀಡಿ ಇಲ್ಲಿಂದ ಹೋದ ಮೇಲೆ ಯಾವ ಅಂಗಿ ಹಾಕಿಕೊಳ್ಳುತ್ತದೆ ಎಂಬುದನ್ನು ಹೆಂಗಸರು ನೋಡುವುದೇ ಅಪರೂಪ. ಸಾಲು ಮುರಿದು ಎಲ್ಲರೂ ಮೇಜಿನ ಸುತ್ತ ಬಂದರು. ಲೇಬಲಿನಲ್ಲಿ ಮೊದಲಿನ ಮಾರ್ಕು ಸಣ್ಣದಾಗಿ ಮೂಲೆಗೆ ಸರಿದಿತ್ತು. ಉಳಿದ ಜಾಗದಲ್ಲಿ ಕಪ್ಪು ಬಿಳುಪಿನ ಒಂದು ಚಿತ್ರ. ಅಡಿಯಲ್ಲಿ ಹಿಂದಿಯದೂ ಇಂಗ್ಲಿಷಿನದೂ ಅಕ್ಷರ. ಈ ಬೀಡಿ ಹೋಗುವುದು ಬೊಂಬಾಯಿಯಿಂದಾಚೆಗೆ.

“ಇದೆಂತ ಶುಕೂರ್ ಕಾಕ?”

“ಸರಕಾರದ ಆರ್ಡರ್. ಎಲ್ಲ ಕಂಪೆನಿಗೂ ಬಂದಿದೆ.”

“ನನ್ನ ಗಂಡನ ತಂಬಾಕಿನ ಪ್ಯಾಕೇಟಿಗೆ ಚೇಳು ಹಾಕಿದ್ದಾರೆ,” ಎಂದಳು ಖದೀಜಕ್ಕ. “ಈಗ ಅಂಗಡಿಗೆ ಹೋಗಿ ‘ಚೇಳು ಮಾರ್ಕ್ ಕೊಡಿ’ ಅಂತಲೇ ಕೇಳುವುದು. ಮೊದಲಿಗಿಂತ ಖಾರ ಉಂಟಂತೆ!”

“ಹೀಗೆಲ್ಲ ಮಾಡಿ ಬೀಡಿ ನಿಲ್ಲಿಸ್ತಾರಂತಲ್ಲ?” ಹಿಂದಿನಿಂದ ಯಾರೋ ಕೇಳಿದರು.

“ಅಂಗಿ ಬದಲಾಯಿಸಿದ್ರೆ ಮನುಷ್ಯ ಸಾಯ್ತಾನಾ? ಸುಮ್ಮನಿರಿ,” ಎಂದ ಶುಕೂರ್. ಆಮೇಲೆ ಶಶಿಪ್ರಭಾಳನ್ನು ಕಂಡು, “ಓದ್ಲಿಕ್ಕೆ ಗೊತ್ತಿದ್ದವಳು ಇಲ್ಲೇ ಇದ್ದಾಳಲ್ಲ. ಓದಮ್ಮ, ಎಂತ ಬರೆದಿದ್ದಾರೆ?”

ಅವಳಿಗೆ ಓದುವ ಅಗತ್ಯ ಇರಲಿಲ್ಲ. ಚಿತ್ರವನ್ನು ಅವಳು ಆಗಲೇ ಗುರುತು ಹಿಡಿದಿದ್ದಳು. ಅದೇ ಬಾಗಿದ ಬೆಳ್ಳಗಿನ ಗೆರೆಗಳು, ಅದೇ ಎರಡು ಬಯಲು, ನಡುವೆ ಅದೇ ವಾಲಿದ ಮಬ್ಬು. ದೀಪದ ಪೆಟ್ಟಿಗೆಯ ಮುಂದೆ ಒಬ್ಬಳೇ ನೋಡಿದ್ದು ಈಗ ಬೆಂಕಿಪೊಟ್ಟಣದಷ್ಟು ಸಣ್ಣದಾಗಿ, ಮಸಿ ಹರಡಿಕೊಂಡು, ಎಲ್ಲರ ನಡುವೆ ಬಿದ್ದಿತ್ತು. ಇದು ಯಾರದ್ದು? ಯಾವುದೋ ಊರಿನಲ್ಲಿ ಯಾರೋ ಒಬ್ಬ ಅಂಗಿ ಬಿಚ್ಚಿ, ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಹಿಡಿದು ನಿಂತಿದ್ದನಲ್ಲ. ಅವನು ಹಿಡಿದ ಆ ಒಂದು ಉಸಿರು ಈಗ ಲಕ್ಷ ಲಕ್ಷ ಕಟ್ಟುಗಳ ಮೇಲೆ ದೇಶವಿಡೀ ತಿರುಗುತ್ತಿದೆ. ಅವನು ಬದುಕಿದ್ದಾನೋ, ಅವನಿಗೂ ಒಬ್ಬಳು ಮಗಳಿದ್ದಾಳೋ. ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

“ಬಿಡಿ ಶುಕೂರ್ ಕಾಕ, ಅವಳಿಗೆ ನಾಚಿಕೆ,” ಎಂದು ನೋಣಯ್ಯ ಮಗಳನ್ನು ಪಾರು ಮಾಡಿದ. “ಇದರಲ್ಲಿ ಓದ್ಲಿಕ್ಕೆ ಎಂತ ಉಂಟು? ನೋಡಿದ್ರೆ ತಿಳಿಯುವುದಿಲ್ಲವಾ, ಎಲೆ. ಎಲೆ ಮಾರ್ಕ್ ಮಾಡಿದ್ದಾರೆ.”

“ಎಲೆಯಾ?”

“ಮತ್ತೆಂತ? ಕತ್ತರಿ ಹಾಕುವ ಮೊದಲಿನ ಬೀಡಿಯೆಲೆ. ಎರಡು ಎಲೆ ಜೋಡಿಸಿ ಇಟ್ಟಿದ್ದಾರೆ.” ಅವನು ಲೇಬಲನ್ನು ಕಟ್ಟಿನಿಂದ ಬಿಡಿಸಿ, ಅಂಗೈಯಲ್ಲಿ ನೇರ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದ. ಒಳ್ಳೆಯ ಎಲೆ ಸಿಕ್ಕಿದರೆ ಅವನು ಹಿಡಿಯುತ್ತಿದ್ದದ್ದೇ ಹಾಗೆ, ಎರಡು ಕೈಯಲ್ಲಿ. ಆಟಿ ತಿಂಗಳ ಮೋಡ ಕಳೆದು ಸೋಣ ತಿಂಗಳ ಬಿಸಿಲು ಬಂದಿತ್ತು. ಕಾಗದದ ಮೂಲಕ ಬೆಳಕು ಬಂದು ಚಿತ್ರ ಒಮ್ಮೆಗೇ ಜೀವ ತಳೆಯಿತು. “ಆಹಾ! ನರ ನೋಡಿ. ಒಂದೊಂದೂ ಎಷ್ಟು ಸಪೂರ, ಹೇಗೆ ಬಾಗಿ ಹೋಗಿದೆ. ನಡುವೆ ದಂಟು. ಇಂಥ ಎಲೆ ಈಗ ಎಲ್ಲಿ ಬರ್ತದೆ ಮಾರಾಯ್ರೆ? ನಾನು ಹುಡುಗನಾಗಿದ್ದಾಗ ಬರ್ತಿತ್ತು.”

ಹೆಂಗಸರು ಬಗ್ಗಿ ನೋಡಿದರು. ಹುಟ್ಟಿದಂದಿನಿಂದ ಎಲೆಯ ಜೊತೆಗೇ ಇದ್ದವರು ಅವರು. “ಹೌದಲ್ಲ,” ಎಂದಿತು ಒಂದು ದನಿ. ಇನ್ನೊಂದು, “ದೇವರೇ, ಎಷ್ಟು ಚೆಂದ.” ಖದೀಜಕ್ಕ ಕೂಡ ತಮಾಷೆ ಮರೆತು ಇನ್ನಷ್ಟು ಹತ್ತಿರ ಬಗ್ಗಿದಳು. ಶುಕೂರ್ ಮಾತ್ರ ಲೇಬಲನ್ನೂ ನೋಣಯ್ಯನನ್ನೂ ಒಮ್ಮೆ ನೋಡಿ, ಏನೋ ಹೇಳಹೊರಟು, ತಿರುಗಿ ಚೀಲದ ಬಾಯಿ ಬಿಚ್ಚತೊಡಗಿದ.

“ಆದ್ರೆ ಒಂದು,” ಎಂದ ನೋಣಯ್ಯ. ಕಣ್ಣು ಕಿರಿದು ಮಾಡಿದ. ಅವನ ಹೆಬ್ಬೆರಳು ಚಿತ್ರದ ಮೇಲೆ ಮೆಲ್ಲಗೆ ಸರಿದು ಒಂದು ಕಡೆ ನಿಂತಿತು. “ಈ ಎಲೆಯ ಮೇಲ್ಗಡೆ ಕಲೆ ಉಂಟು. ಇಲ್ಲಿ, ಕಾಣ್ತದಾ? ಒಳಗಿನಿಂದ ಹಿಡಿದದ್ದು. ನನ್ನ ಕೈಗೆ ಬಂದಿದ್ರೆ ಬುಟ್ಟಿಗೇ.”

ಶಶಿಪ್ರಭಾ ಅವನ ಹೆಬ್ಬೆರಳನ್ನೇ ನೋಡಿದಳು. ಡಾಕ್ಟರ ಪೆನ್ನು ನಿಂತಿದ್ದ ಜಾಗ ಅದು. ಸಾವಿರ ಕಲೆಗಳನ್ನು ಬೆಳಕಿಗೆ ಹಿಡಿದು ಕಂಡುಕೊಂಡ ಆ ಕಣ್ಣು, ಯಾರೂ ತೋರಿಸದೆ, ನೇರ ಅಲ್ಲಿಗೇ ಹೋಗಿತ್ತು. ಈ ಮನುಷ್ಯನಿಗೆ ನಿಜ ತಡೆದುಕೊಳ್ಳಲು ಆಗುವುದಿಲ್ಲವೆಂದು ತಾನು ಹೇಗೆ ಎಣಿಸಿದೆ?

“ಬನ್ನಿ ಚೆಕ್ಕರ್ರೇ, ಹುಡಿ ನೋಡಿ. ಇವರಿಗೆ ಹೊತ್ತಾಯ್ತು,” ಎಂದ ಶುಕೂರ್.

ಹೊಸ ಚೀಲ ಒಡೆದರೆ ಮೊದಲ ಬೀಡಿಯನ್ನು ಚೆಕ್ಕರನೇ ಎಳೆದು ನೋಡುವುದು ಆ ಬ್ರಾಂಚಿನಲ್ಲಿ ನಡೆದು ಬಂದ ಕ್ರಮ. ಹುಡಿ ಕೆಟ್ಟಿದ್ದರೆ ಬೀಡಿ ನಡುವೆ ಆರುತ್ತದೆ, ಆರಿದರೆ ಕಟ್ಟಿದವಳ ಕೂಲಿ ಹೋಗುತ್ತದೆ. ಅವನು ‘ಆಗಬಹುದು’ ಎಂದ ಮೇಲೆಯೇ ಹೆಂಗಸರಿಗೆ ಹುಡಿ ತೂಗಿ ಕೊಡಲು ತಕ್ಕಡಿ ಮೇಲೇಳುವುದು. ಹೆಂಗಸರು ತಿರುಗಿ ಸಾಲಾದರು. ನೋಣಯ್ಯ ಒಂದು ಚಿಟಿಕೆ ಹುಡಿಯನ್ನು ಮೂಸಿ, ಎಲೆಯಲ್ಲಿ ತುಂಬಿ ಸುತ್ತಿ, ತುದಿ ಮಡಚಿ, ನೂಲು ಬಿಗಿದ. ಬೀಡಿಯನ್ನು ತುಟಿಗಿಟ್ಟು ಕಡ್ಡಿ ಗೀರಿದ. ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ.

“ಅಪ್ಪ.”

ಅವನಿಗೆ ಕೇಳಿಸಲಿಲ್ಲ.

“ಅಪ್ಪಾ!”

ಯಾರ ದನಿ ಎಂದು ಹೆಂಗಸರೇ ತಿರುಗಿ ನೋಡಿದರು. “ನೋಣಯ್ಯಣ್ಣ, ನಿಮ್ಮ ಮಗಳು!” ಎಂದಳು ಖದೀಜಕ್ಕ, ಅಚ್ಚರಿಯಲ್ಲಿ. ನೋಣಯ್ಯ ಉರಿಯುವ ಕಡ್ಡಿ ಹಿಡಿದೇ ತಿರುಗಿದ. ಬೆರಳಿಗೆ ಬಿಸಿ ತಾಗಿ ಅದನ್ನು ಕೊಡವಿ ಆರಿಸಿದ. ಬೀಡಿ ತುಟಿಯಲ್ಲೇ ಇತ್ತು.

“ಎಂತ ಮಗಾ?”

ಶಶಿಪ್ರಭಾ ತಡ್ಪೆಯನ್ನು ನೆಲಕ್ಕಿಟ್ಟು ಮೇಜಿನ ಹತ್ತಿರ ಬಂದಳು. ಲೇಬಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಧ್ವನಿ ನಡುಗುತ್ತಿರಲಿಲ್ಲ. ಸಾಲಿನ ಕೊನೆಯವಳಿಗೂ ಅದು ಕೇಳಿಸಿತು.

“ಇದು ಎಲೆ ಅಲ್ಲಪ್ಪ, ಮನುಷ್ಯನ ಒಳಗಿನ ಪಟ. ನಿಮ್ಮದನ್ನು ನಾನು ನೋಡಿದ್ದೇನೆ. ಇಷ್ಟೇ ಚೆಂದ ಉಂಟು. ಈ ಕಲೆಯೂ ಉಂಟು.”