ಕೂತು ಉಣ್ಣುವ ಹಬ್ಬ

ದಿನಸಿ ಮಂಡಿಯವರ ಲಕ್ಕಿ ಡ್ರಾದಲ್ಲಿ ನಮ್ಮ ಮೆಸ್ಸಿಗೆ ಮೂರು ಜನರ ವಿದೇಶ ಪ್ರವಾಸ ಬಂದಾಗ ನಾನು ಇಟ್ಟುಕೊಂಡ ಆಸೆ ಒಂದೇ. ಸಮುದ್ರ ಬೇಡ, ಅರಮನೆ ಬೇಡ. ಒಂದು ಹೊತ್ತಾದರೂ ಕೂತು, ಬಿಸಿಬಿಸಿಯಾಗಿ, ಕಡೇ ತುತ್ತಿನವರೆಗೂ ಏಳದೆ ಉಣ್ಣಬೇಕು.

ಮೆಸ್ ನಡೆಸುವವರ ಮನೆಯಲ್ಲಿ ಹಬ್ಬವೆಂದರೆ ಊಟವಲ್ಲ, ಆರ್ಡರು. ಊರಿನವರೆಲ್ಲ ಎಲೆ ಮುಂದೆ ಕೂತಿರುವಾಗ ನಾನೂ ಅತ್ತೆಯೂ ಬಕೆಟ್ಟು ಸೌಟು ಹಿಡಿದು ಪಂಕ್ತಿಯಲ್ಲಿ ಓಡುತ್ತಿರುತ್ತೇವೆ. ನಮ್ಮ ಯಜಮಾನರು ಗಲ್ಲಾಪೆಟ್ಟಿಗೆ ಹಿಂದೆ ಕೂತು "ಆ ಕಡೆ ನೋಡೇ" ಎನ್ನುತ್ತಿರುತ್ತಾರೆ. ಎಲ್ಲ ಮುಗಿದ ಮೇಲೆ ಅತ್ತೆ ಒಲೆಕಟ್ಟೆಗೆ ಒರಗಿ, ನಿಂತೇ ಉಣ್ಣುತ್ತಾರೆ. ಅತ್ತೆ ನಿಂತಿರುವಾಗ ಸೊಸೆ ಕೂರುವುದುಂಟೆ? ನಾನೂ ಸಿಂಕಿನ ಪಕ್ಕ ನಿಂತು ಆರಿದ ಅನ್ನ ನುಂಗುತ್ತೇನೆ. ಮದುವೆಯಾದಾಗಿನಿಂದ ಇದೇ ರಾಮಾಯಣ.

ವಿದೇಶಕ್ಕೆ ಬಂದರೂ ನನ್ನ ಹಣೆಬರಹ ವಿಮಾನ ಹತ್ತಿ ಜೊತೆಗೇ ಬಂದಿತ್ತು. ಹೋಟೆಲಿನಲ್ಲಿ ಬಫೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಕರ್ಮ ಅಲ್ಲೂ ತಪ್ಪಲಿಲ್ಲ. ಸಾಲದ್ದಕ್ಕೆ ಅತ್ತೆ ಅಲ್ಲಿಯ ಸೌಟುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿಟ್ಟು, ಹಿಂದೆ ನಿಂತಿದ್ದ ಅಪರಿಚಿತರಿಗೆ ಬಡಿಸಲು ಶುರುಮಾಡಿದರು. ಹೋಟೆಲಿನವನು ಬಂದು ಕೈಮುಗಿಯುವುದೊಂದು ಬಾಕಿ.

ಹಾಗಾಗಿ ನಮ್ಮ ವ್ಯಾನ್ ಡ್ರೈವರು, ನಾಳೆ ನಮ್ಮ ಹಬ್ಬ, ಎಲ್ಲ ಬಾಗಿಲು ಹಾಕಿರುತ್ತದೆ, ನಮ್ಮ ಮನೆಗೇ ಊಟಕ್ಕೆ ಬನ್ನಿ ಎಂದು ಅರೆಬರೆ ಇಂಗ್ಲಿಷಿನಲ್ಲಿ ಕರೆದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅತಿಥಿಗಳನ್ನು ಯಾರಾದರೂ ನಿಲ್ಲಿಸಿ ಊಟ ಹಾಕುತ್ತಾರೆಯೇ!

ಮನೆ ಮೂರನೇ ಮಹಡಿಯಲ್ಲಿತ್ತು. ಇಕ್ಕಟ್ಟಾದ ಹಾಲಿನಲ್ಲಿ ಎತ್ತರ ತಗ್ಗಿನ ಎರಡು ಮೇಜು ಜೋಡಿಸಿ, ಮೇಲೆ ಒಂದೇ ಬಟ್ಟೆ ಹಾಸಿದ್ದರು. ಕುರ್ಚಿಗಳಲ್ಲಿ ಅರ್ಧ ಪಕ್ಕದ ಮನೆಯಿಂದ ತಂದವು. ಡ್ರೈವರನ ಹೆಂಡತಿ ಬೆವರು ಒರೆಸಿಕೊಳ್ಳುತ್ತಲೇ ನಕ್ಕು, ಹಿರಿಯರೆಂದು ಅತ್ತೆಯನ್ನು ಕೈಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದಲ್ಲಿ ನಾನು. ಎದುರಿಗೆ ಯಜಮಾನರು, ಅವರ ಪಕ್ಕ ಡ್ರೈವರು. ನನ್ನ ತಟ್ಟೆಯಿಂದ ಹಬೆ ಏಳುತ್ತಿತ್ತು. ಕಣ್ಣು ತುಂಬಿಬಂತೆಂದರೆ ನಗಬೇಡಿ.

ಮೊದಲ ತುತ್ತು ಇನ್ನೂ ಬೆರಳಲ್ಲೇ ಇತ್ತು, ಅತ್ತೆ ಎದ್ದರು.

"ಪಾಪ, ಆ ಹುಡುಗಿ ಒಬ್ಬಳೇ ಒದ್ದಾಡ್ತಿದಾಳೆ ಕಣೇ. ಒಂಚೂರು ಕೈಜೋಡಿಸ್ತೀನಿ."

"ಅತ್ತೆ, ನಾವು ಅತಿಥಿಗಳು."

"ಆದ್ರೇನೀಗ? ಕೈಗೇನು ಬಂದಿದೆ ಧಾಡಿ?"

ಅತ್ತೆ ಅಡುಗೆಮನೆ ಕಡೆ ಹೊರಟರು. ನಾನು ತುತ್ತು ಕೆಳಗಿಟ್ಟು ಎದ್ದೆ. ನಾವಿಬ್ಬರೂ ಎದ್ದಿದ್ದು ನೋಡಿ, ಏನು ಕಮ್ಮಿಯಾಯಿತೋ ಎಂದು ಡ್ರೈವರನ ಹೆಂಡತಿ ಗಾಬರಿಯಾಗಿ ಇನ್ನೊಂದು ಪಾತ್ರೆ ಹೊತ್ತು ಓಡಿಬಂದಳು. ಅವಳ ಮುಖ ನೋಡಿ ಡ್ರೈವರೂ ಎದ್ದ. ಆ ಚಿಕ್ಕ ಹಾಲಿನಲ್ಲಿ ನಾಲ್ಕು ಜನ ನಿಂತುಕೊಂಡು ಒಬ್ಬರಿಗೊಬ್ಬರು "ಕೂರಿ, ಕೂರಿ" ಎಂದು ಕೈಸನ್ನೆ ಮಾಡುತ್ತಿದ್ದೆವು. ಯಜಮಾನರು ಮಾತ್ರ ತಲೆ ಎತ್ತದೆ ಉಣ್ಣುತ್ತಿದ್ದರು.

ಹೇಗೋ ಎಲ್ಲರೂ ಕೂತೆವು. ಉಪ್ಪಿನ ಡಬ್ಬಿ ದೂರವಿದೆ ಎಂದು ಅತ್ತೆ ಮತ್ತೆ ಎದ್ದರು. ನಾನೂ ಎದ್ದೆ, ಅವಳೂ ಎದ್ದಳು, ಅವನೂ ಎದ್ದ. ಕೂತೆವು. ಒಲೆ ಮೇಲೆ ಏನೋ ಸೀಯುತ್ತಿದೆ ಎಂದು ಅತ್ತೆ ಮೂಗರಳಿಸಿದರು. ಏನೂ ಸೀಯುತ್ತಿರಲಿಲ್ಲ, ನನ್ನ ಹೊಟ್ಟೆಯೇ ಉರಿಯುತ್ತಿತ್ತು. ಮತ್ತೆ ಎಲ್ಲರೂ ಎದ್ದೆವು. ಡ್ರೈವರನ ಹೆಂಡತಿ ಅಡುಗೆ ರುಚಿಸಲಿಲ್ಲವೇನೋ ಎಂದುಕೊಂಡು ಅಳುಮುಖ ಮಾಡಿದಳು. ನನ್ನ ತಟ್ಟೆಯ ಹಬೆ ನಿಂತುಹೋಯಿತು.

ಪಿತ್ತ ನೆತ್ತಿಗೇರಿತು. ಪರರ ಮನೆ, ಹಬ್ಬದ ದಿನ ಎಂಬುದೆಲ್ಲ ಮರೆತುಹೋಯಿತು.

"ಒಂದು ಸಲ ಕೂತ್ಕೊಳ್ಳಿ ಅತ್ತೆ!" ಕಿರುಚಿಯೇಬಿಟ್ಟೆ. "ನೀವು ಎದ್ರೆ ನಾನೂ ಏಳ್ಬೇಕು. ನೀವು ನಿಂತಿರ್ತೀರಿ ಅಂತಾನೇ ಇಷ್ಟು ವರ್ಷ ನಾನು ನಿಂತ್ಕೊಂಡು ತಣ್ಣಗಿರೋದು ತಿಂದಿದೀನಿ. ಇಲ್ಲಾದ್ರೂ ನನಗೊಂದು ತುತ್ತು ಬಿಸಿ ಊಟ ಮಾಡೋಕೆ ಬಿಡಿ!"

 ಭಾಷೆ ತಿಳಿಯದ ಗಂಡ ಹೆಂಡತಿಗೂ ವಿಷಯ ತಿಳಿದಂತಿತ್ತು. ಯಜಮಾನರು ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದರು.

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. ಬೈಯುತ್ತಾರೆಂದು ನಾನು ಹಲ್ಲು ಕಚ್ಚಿಕೊಂಡೆ.

"ಅಯ್ಯೋ ನಿನ್ನ!" ಎಂದರು. "ನೀನು ಸಿಂಕಿನ ಹತ್ರ ನಿಂತಿರ್ತೀಯಲ್ಲ, ನಾನು ಹೆಂಗೇ ಕೂತ್ಕೊಳ್ಳಲಿ? ಬಂದ ಹೊಸದರಲ್ಲಿ ನೀನು ಕೂರ್ತೀಯೇನೋ, ಆಮೇಲೆ ನಾನೂ ಕೂರೋಣ ಅಂತ ಕಾದೆ. ನೀನು ಕೂರ್ಲೇ ಇಲ್ಲ. ಮಂಡಿನೋವು ಇಟ್ಕೊಂಡು ನಿಲ್ಲೋಕೆ ನನಗೇನು ಹುಚ್ಚೇ?"

 ಇಷ್ಟು ವರ್ಷ! ಒಬ್ಬರಾದರೂ ಬಾಯಿ ಬಿಟ್ಟು ಕೇಳಬಾರದಿತ್ತೇ? ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಅತ್ತೆ ಕೂತರು. ಡ್ರೈವರನ ಹೆಂಡತಿಯ ಸೊಂಟ ಹಿಡಿದೆಳೆದು ಇನ್ನೊಂದು ಪಕ್ಕದಲ್ಲಿ ಕೂರಿಸಿಕೊಂಡರು. ನೀನು ಬಡಿಸು ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು. ಅವನು ಒಂದು ಕ್ಷಣ ತಬ್ಬಿಬ್ಬಾದರೂ, ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಹೊಸದಾಗಿ ಹಾಕಿದ. ಹಬೆ ಎದ್ದಿತು. ತುತ್ತು ಕಲಸಿದೆ.

"ನೀರು," ಎಂದರು ಯಜಮಾನರು, ತಟ್ಟೆ ನೋಡುತ್ತಲೇ.

ಕುರ್ಚಿ ಸರಿದ ಸದ್ದಾಯಿತು. ಈ ಮುದುಕಿ ಮತ್ತೆ ಎದ್ದರಲ್ಲಪ್ಪ ಎಂದು ಪಕ್ಕಕ್ಕೆ ತಿರುಗಿದೆ. ಅತ್ತೆ ಕೂತೇ ಇದ್ದರು. ಎದ್ದು ನಿಂತಿದ್ದವಳು ನಾನು. ಎಡಗೈ ಆಗಲೇ ಜಗ್ಗಿನ ಮೇಲಿತ್ತು.

ಅತ್ತೆ ನನ್ನ ಮೊಣಕೈ ಹಿಡಿದು ಕೆಳಕ್ಕೆಳೆದರು.

"ಕೂತ್ಕೋ," ಎಂದರು. "ಆರಿಹೋಗುತ್ತೆ."