ಮೇಲಿನ ತಟ್ಟೆ

ಶಾಂತಿ ಹಾಲಿನ ಪ್ಯಾಕೆಟ್‌ಗಳನ್ನು ಫ್ರಿಜ್ಜಿನೊಳಗೆ ಮೇಲಿನ ತಟ್ಟೆಯಲ್ಲಿ ಇಡುತ್ತಿದ್ದಂತೆ ಮಂಗಳಗೌರಿ ಗಂಡನ ಹೆಣದ ಪಕ್ಕದಿಂದಲೇ ಕೂಗಿದರು.

"ಅಲ್ಲಿ ಮಡಗ್ಬ್ಯಾಡ ಕಣೇ! ಅದು ನಯನನ ಔಸ್ದಿ ಜಾಗ."

ಪಕ್ಕದ ಮನೆಯ ಶಾಂತಿ ಬೆದರಿ ಪ್ಯಾಕೆಟ್‌ಗಳನ್ನು ನೆಲದ ಮೇಲಿಟ್ಟಳು. ಕಳಲೆ ಊರಿನ ಆ ಮನೆಯ ಪಡಸಾಲೆಯಲ್ಲಿ ಸಿದ್ದಮಲ್ಲಪ್ಪನವರನ್ನು ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ನಂಜನಗೂಡಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಮೈಸೂರಿನಿಂದ ಬಂದ ಮಗಳು ನಯನ ಮೂಲೆಯಲ್ಲಿ ಕೂತಿದ್ದಳು. ಯಾರೂ ಅವಳನ್ನು ತಬ್ಬಿಕೊಂಡು ಅತ್ತಿರಲಿಲ್ಲ.

"ಔಸ್ದಿ ಕಂಡಿಡ್ದೋಳಂತೆ. ಎತ್ತ ಅಪ್ಪಂಗೇ ತಂದ್ಕೊಡ್ನಿಲ್ವಲ್ಲ," ಎಂದರು ದೊಡ್ಡಪ್ಪ ಬಸವಯ್ಯ, ಅವಳಿಗೆ ಕೇಳಲೆಂದೇ.

"ಔಷಧಿ ಅಲ್ಲ ದೊಡ್ಡಪ್ಪ. ಬರೀ ಕಂಪ್ಯೂಟರಲ್ಲಿ ಮಾಡೋ ಲೆಕ್ಕ."

"ನಿಮ್ಮಪ್ಪ ರಿಪೇರಿ ಅಂತಿದ್ನಲ್ಲವ್ವಾ?"

ಆ ಪದ ಅವಳದೇ.

*

ಹಿಂದಿನ ವರ್ಷದ ಯುಗಾದಿಯಲ್ಲಿ ಅಪ್ಪ ಅವಳ ಕೆಲಸ ಏನೆಂದು ಕೇಳಿದ್ದರು. ಆಮ್ಲಜನಕದ ಹಾವಳಿಗೆ ಮೈಯೊಳಗಿನ ಪ್ರೋಟೀನ್ ಕೆಡುತ್ತದೆ, ನೆಲ್ಲಿಕಾಯಿಯಲ್ಲಿರುವಂಥ ಕೆಲವು ಅಣುಗಳು ಅದನ್ನು ಮೊದಲಿನಂತೆ ಮಾಡಬಲ್ಲವೇ ಎಂದು ಲೆಕ್ಕ ಹಾಕುತ್ತೇವೆ ಎಂದು ಹೇಳಲು ಹೋಗಿ, ಅರ್ಧಕ್ಕೇ ಬೇಸತ್ತು, "ಒಟ್ನಲ್ಲಿ ರಿಪೇರಿ ಅಪ್ಪಾಜಿ, ನಿಮ್ ಥರಾನೇ," ಎಂದಿದ್ದಳು.

ಸಿದ್ದಮಲ್ಲಪ್ಪ ಹಿಗ್ಗಿ ಹೋದರು. ಊರಿಗೆಲ್ಲ ಸಾರಿದರು. ರಿಪೇರಿ ಎಂದರೆ ಕೆಟ್ಟು ಬಂದದ್ದು ಓಡುವಂತಾಗಿ ಹೋಗಬೇಕು. ಆ ಮಾತಿಗೆ ಅವರಲ್ಲಿ ಬೇರೆ ಅರ್ಥವೇ ಇರಲಿಲ್ಲ.

ಈ ವರ್ಷ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಮಾಡಿಸಿ ಎಂದ ಡಾಕ್ಟರಿಗೆ ಬೆನ್ನು ಹಾಕಿ ಬಂದವರು, ಮಗಳ ಔಷಧಿಗೆಂದು ಫ್ರಿಜ್ಜಿನ ಮೇಲಿನ ತಟ್ಟೆ ಖಾಲಿ ಮಾಡಿಸಿದರು. ಮಗಳಿಗೆ ಫೋನಿನಲ್ಲಿ ಸುಸ್ತು ಎಂದಷ್ಟೇ ಹೇಳಿದರು.

"ರಿಪೇರಿ ಎಲ್ಲಿಗ್ ಬಂತವ್ವಾ?"

"ಚೆನ್ನಾಗಿ ಆಗ್ತಿದೆ ಅಪ್ಪಾಜಿ. ಇನ್ನೇನ್ ಮುಗೀತು," ಎಂದಿದ್ದಳು ನಯನ, ಪರದೆಯ ಮೇಲಿನ ಪ್ರೋಟೀನಿನಿಂದ ಕಣ್ಣು ತೆಗೆಯದೆ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ನಯನ ತಾಯಿಯ ಎದುರು ಕೂತಳು.

"ಡಯಾಲಿಸಿಸ್ ವಿಷಯ ನಂಗ್ಯಾಕೆ ಹೇಳ್ಲಿಲ್ಲಮ್ಮ?"

"ಇನ್ನೇನ್ ಮುಗೀತು ಅಂದ್ಯಂತಲ್ಲ. ಅವ್ಳ ಕೆಲ್ಸ ಕೆಡಿಸ್ಬ್ಯಾಡ, ಕಾಯನ ಅಂದ್ರು."

"ಔಷಧಿ ಇಲ್ಲಮ್ಮ. ಯಾವತ್ತೂ ಇರ್ಲಿಲ್ಲ."

ಮಂಗಳಗೌರಿ ಎದ್ದು, ಬೆಳಗಿನಿಂದ ನೆಲದ ಮೇಲೇ ಬಿದ್ದಿದ್ದ ಹಾಲಿನ ಪ್ಯಾಕೆಟ್‌ಗಳನ್ನು ಎತ್ತಿಕೊಂಡರು. ಬೇಸಿಗೆಯ ಸೆಕೆಗೆ ಅವು ಉಬ್ಬಿದ್ದವು. ಒಂದೊಂದನ್ನೇ ಸೆರಗಿನಿಂದ ಒರೆಸಿ ಮೇಲಿನ ತಟ್ಟೆಯಲ್ಲಿ ಜೋಡಿಸತೊಡಗಿದರು.

"ಅಕ್ಕಾ, ಆಲು ಕೆಟ್ಟೋಗ್ಯದೆ," ಎಂದಳು ಶಾಂತಿ.

"ಇರ್ಲಿ ಬುಡು. ನಯನ ರಿಪೇರಿ ಮಾಡ್ತಾಳೆ."

ತಟ್ಟೆ ತುಂಬಿತು. ಮಂಗಳಗೌರಿ ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿದರು.